ಮರುದಿನ ಬೆಳ್ಳಗಾಗುವ ಸುಣ್ಣದ ಕುರಿತು ಉಗ್ರಾಣದ ಸಾಹೇಬರಿಗೆ

ಮಾನ್ಯರೇ, ವಿಜಯಪುರದ ಆಸ್ಪತ್ರೆಯೊಂದರ ಉಗ್ರಾಣವನ್ನು ಬೀಗದ ಕೈ ಸಮೇತ ಸೊಂಟದಲ್ಲಿ ಧರಿಸಿರುವ ಶ್ರೀ ಧೂಳಪ್ಪ ಸಾಹೇಬರೇ,

ಬಬಲೇಶ್ವರದಿಂದ ಸಾಷ್ಟಾಂಗ ನಮಸ್ಕಾರಗಳು. ಅಡ್ಡಬಿದ್ದೇ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಿದ್ದರೆ ಕ್ಷಮೆಯಿರಲಿ.

ನಮ್ಮ ಅಜ್ಜಿ ಸಕ್ರವ್ವನ ಪಿತ್ತಕೋಶದಲ್ಲಿ ಕಲ್ಲಿದೆ. ಉಂಡ ಮೇಲೆ ನೋವು ಬಂದು ಗೋಡೆ ಹಿಡಿದು ನಿಲ್ಲುತ್ತಾಳೆ. ಕಳೆದ ವಾರ ಮಂಗಳವಾರ ಆಪರೇಶನ್ನಿಗೆಂದು ಉಪವಾಸವಿಟ್ಟು ಕರೆತಂದೆವು. ಅರಿವಳಿಕೆ ಕೊಡುವ ಸುಮಯ್ಯಾ ಡಾಕ್ಟರು ನನಗೆ ಯಂತ್ರದ ಮರ್ಮ ತಿಳಿಸಿದರು: ರೋಗಿ ಬಿಟ್ಟ ಉಸಿರು ಒಂದು ಕೊಳವೆಯಲ್ಲಿ ಹೊರಟು, ಸುಣ್ಣದ ಹರಳು ತುಂಬಿದ ಡಬ್ಬಿ ಹಾಯ್ದು, ಅಲ್ಲಿ ಇಂಗಾಲದ ಕೆಟ್ಟ ಗಾಳಿಯನ್ನು ಕಳೆದುಕೊಂಡು, ಹೊಸ ಆಮ್ಲಜನಕ ಕೂಡಿಸಿಕೊಂಡು ಇನ್ನೊಂದು ಕೊಳವೆಯಲ್ಲಿ ರೋಗಿಗೇ ಮರಳುತ್ತದಂತೆ. ಸುಣ್ಣದ ಶಕ್ತಿ ತೀರಿದರೆ ನೇರಳೆ ಬಣ್ಣಕ್ಕೆ ತಿರುಗುತ್ತದಂತೆ. ತಿರುಗಿತ್ತು. ಹೊಸದು ತಮ್ಮಲ್ಲಿರಲಿಲ್ಲ.

ಸುಣ್ಣವಿಲ್ಲವೆಂದು ಕೇಳಿದ್ದೇ ಅಜ್ಜಿ, ನನ್ನ ಕೈಯಲ್ಲಿದ್ದ ತನ್ನ ಎಲೆಯಡಿಕೆಯ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಡಾಕ್ಟರ ಮುಂದೆ ಹಿಡಿದು, "ತಗೋರಿ ಬಾಯಾರ, ಇಷ್ಟಕ್ಕ ಯಾಕ ನಿಂದರಸ್ತೀರಿ?" ಎಂದಳು. ತಾವಾದರೋ, "ಸಾಮಾನಿನ ಗಾಡಿ ತಿಕೋಟಾ ದಾಟೈತಿ" ಎಂದಿರಿ. ಇಂದಿಗೆ ಹತ್ತು ದಿನ. ತಿಕೋಟಾದಿಂದ ಕುರಿ ಹೊಡೆದುಕೊಂಡು ಹೊರಟವರೂ ಬಂದು, ಮಾರಿ, ಮರಳಿದರು.

ಅದೇ ವಾರದ ಶುಕ್ರವಾರ ಮತ್ತೆ ಉಪವಾಸ. ತಾವೇ ಡಬ್ಬಿ ಹಿಡಿದು ಬಂದು, "ನೋಡ್ರಿ, ಹಾಲಿನಂಗ ಬೆಳ್ಳಗೈತಿ!" ಎಂದಿರಿ. ಡಾಕ್ಟರು ಒಂದು ಹರಳನ್ನು ಬೆರಳಲ್ಲಿ ಹಿಸುಕಿದರು. ಹೊಸದಾಗಿದ್ದರೆ ಪುಡಿಯಾಗಬೇಕಾದದ್ದು ಅಜ್ಜಿಯ ಹೊಟ್ಟೆಯ ಕಲ್ಲಿನಷ್ಟೇ ಗಟ್ಟಿ! "ಇದು ಹಳೇದ ಐತ್ರಿ ಧೂಳಪ್ಪ. ಸುಮ್ಮನ ಇಟ್ರ ಬಣ್ಣ ತಿರುಗಿ ಬರತೈತಿ, ಶಕ್ತಿ ಬರೂದಿಲ್ಲ" ಎಂದು ಅಜ್ಜಿಯನ್ನು ಎಬ್ಬಿಸಿ ಕಳಿಸಿದರು.

ತಮ್ಮ ಪವಾಡವನ್ನು ಎಷ್ಟು ಹೊಗಳಲಿ! ಕೈಲಾಗದಾಗ ಬಣ್ಣ ಬದಲಿಸಿ ಒಪ್ಪಿಕೊಳ್ಳುವ ಕೆಟ್ಟ ಚಟ ಆ ಸುಣ್ಣಕ್ಕಿತ್ತು. ತಮ್ಮ ಸಹವಾಸದಲ್ಲಿ ಮೂರೇ ದಿನಕ್ಕೆ ಬಿಟ್ಟುಹೋಯಿತು.

ಆದ್ದರಿಂದ ವಿನಂತಿ: ಗಾಡಿ ಬರುವವರೆಗೆ ಆಪರೇಶನ್ ಟೇಬಲ್ಲಿನ ಮೇಲೆ ಅಜ್ಜಿ ಉಸಿರು ಎಳೆದುಕೊಳ್ಳಬಹುದು, ಬಿಡಕೂಡದು ಎಂದು ತಾವು ಲಿಖಿತ ಆದೇಶ ಹೊರಡಿಸಿ ಶಿಕ್ಕಾ ಹೊಡೆಯಬೇಕು. ಕಲ್ಲಿಗೂ ಅಲ್ಲಿಯವರೆಗೆ ನೋಯಿಸದಂತೆ ನೋಟಿಸು ಜಾರಿಯಾಗಲಿ. ಮತ್ತು ತಮ್ಮ ಬಾಯಿಗೂ ನಮ್ಮ ಕಿವಿಗೂ ನಡುವೆ ಒಂದು ಸುಣ್ಣದ ಡಬ್ಬಿ ಕೂಡಿಸಬೇಕು, ದೊಡ್ಡದು.

ತಮ್ಮ ಉಗ್ರಾಣ ಎಷ್ಟು ತುಂಬಿದೆಯೋ ಅಷ್ಟೇ ತುಂಬಿದ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಅಮೋಘಸಿದ್ದ

ತಾ.ಕ.: ಅಜ್ಜಿಯ ಸುಣ್ಣದ ಡಬ್ಬಿಯನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಆಕೆಯ ಮಾತು ಇದ್ದಂತೆಯೇ: "ಅಂವಗ ಕೊಡಪಾ. ಮಾರಿ ಅಂತೂ ಕೆಂಪಾಗಲಿಲ್ಲ, ಎಲಿ ಹಾಕ್ಕೊಂಡು ಬಾಯಿ ಆದ್ರೂ ಕೆಂಪ ಮಾಡ್ಕೊಳ್ಳಲಿ."