ಮೆಣಸು ಓಡಿದರೆ ಸೋಪು

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ನನ್ನ ಮೀಸೆಯಾಣೆ. ಹಿರಿಯೂರಿನಲ್ಲಿ ಮನೆಯಲ್ಲೇ ತೆಂಗಿನೆಣ್ಣೆ ಸೋಪು ಮಾಡುವ ಮೇಧಾವಿ ನಾನೊಬ್ಬನೇ. ಹಾಗಾಗಿ ಇಂಥ ಪ್ರಸಂಗಗಳೆಲ್ಲ ನನ್ನನ್ನೇ ವಿಚಾರಿಸಿಕೊಂಡು ಬರುತ್ತವೆ.

೧. ಅಪ್ಪಣೆ

ದೊಡ್ಡ ಕೊಳಗದಲ್ಲಿ ಎಣ್ಣೆಗೆ ಕ್ಷಾರದ ನೀರು ಹಾಕಿ ಕಲಕುತ್ತಾ ಹೋದರೆ ಎಣ್ಣೆ ಕಡಿಮೆಯಾಗುತ್ತಾ ಸೋಪು ಹೆಚ್ಚುತ್ತದೆ. ಎಷ್ಟು ಹೆಚ್ಚಿತೆಂದು ತಿಳಿಯಲು ನನ್ನದೊಂದು ಪರೀಕ್ಷೆ: ತಟ್ಟೆಯಲ್ಲಿ ನೀರು, ಅದರ ಮೇಲೆ ಕಾಳುಮೆಣಸಿನ ಪುಡಿ, ನಡುವೆ ಕೊಳಗದಿಂದ ಒಂದು ಹನಿ. ಸೋಪಾಗಿದ್ದರೆ ನೀರಿನ ಮೇಲ್ಮೈ ಬಿಗಿತ ಅಲ್ಲಿ ಸಡಿಲವಾಗಿ ಮೆಣಸೆಲ್ಲ ಅಂಚಿಗೆ ಓಡುತ್ತದೆ.

ಮೊದಲ ಸಲ ಪಕ್ಕದ ಎಣ್ಣೆ ಅಂಗಡಿ ಚಾಚಾನನ್ನು ಕರೆದು ತೋರಿಸಿದೆ. ಹನಿ ಬಿತ್ತು. ಮೆಣಸು ಮಿಸುಕಲಿಲ್ಲ.

"ಕುಂತೇ ಐತಲ್ರಿ," ಅಂದ ಚಾಚಾ.

"ನನ್ನ ಕಂಡ್ರೆ ಮರ್ಯಾದೆ. ಅಪ್ಪಣೆ ಇಲ್ದೆ ಏಳಲ್ಲ."

"ಹಂಗಾದ್ರೆ ಬೇಗ ಅಪ್ಪಣೆ ಕೊಡ್ರಿ. ನಾನು ಅಂಗಡಿ ತೆಗೀಬೇಕು."

೨. ಪವಾಡ

ಎರಡನೇ ಸಲ ಒಂದೇ ಸುತ್ತು ಕಲಕಿ ಚಮಚದಲ್ಲಿ ಹನಿ ಬಿಟ್ಟೆ. ಮೆಣಸು ದಿಕ್ಕಾಪಾಲು. ಇಷ್ಟು ಬೇಗ ಚಿತ್ರದುರ್ಗ ಜಿಲ್ಲೆಯಲ್ಲೇ ಯಾರಿಗೂ ಸೋಪಾಗಿಲ್ಲ ಎಂದು ಎದೆಯುಬ್ಬಿಸಿ ಅಚ್ಚಿಗೆ ಸುರಿದೆ. ಬೆಳಿಗ್ಗೆ ನೋಡಿದರೆ ಮೇಲೆ ಎಣ್ಣೆ, ಕೆಳಗೆ ನೀರು.

"ಚಮಚ ಎಲ್ಲಿಂದ ತಗಂಡ್ರಿ?" ಹೆಂಡತಿ ಕೇಳಿದಳು.

"ನೀನು ಪಾತ್ರೆ ತೊಳೀತಿದ್ದಲ್ಲ, ಆ ರಾಶಿಯಿಂದ."

"ಮತ್ತೆ ಸೋಪಾಗಿತ್ತು ಬಿಡ್ರಿ. ಚಮಚದಲ್ಲಿ."

೩. ಕೊಳಗ

ಕೊಳಗ ಹೆಂಡತಿಯ ತವರಿನದು. "ಭಾನುವಾರ ಹೊಳಲ್ಕೆರೆಯಿಂದ ನನ್ನ ತಮ್ಮ ಬರ್ತಾನೆ. ಅಷ್ಟರೊಳಗೆ ಸೋಪಾದ್ರೆ ಕೊಳಗ ನಿಮ್ದು. ಇಲ್ಲಾಂದ್ರೆ ಅಡುಗೆಮನೆಗೆ ವಾಪಸ್, ನಿಮ್ಮ ಕಾರ್ಖಾನೆ ಬಂದ್," ಅಂದಳು.

ಶನಿವಾರ ರಟ್ಟೆ ಬೀಳುವಂತೆ ಕಲಕಿ ಸುರಿದೆ. ಭಾನುವಾರ ಊಟದ ಹೊತ್ತಾದರೂ ಅಚ್ಚಿನಲ್ಲಿ ಮೊಸರಿನ ಹಾಗೆ ಮೆತ್ತಗೆ. ಹೆಂಡತಿ ಕೊಳಗವನ್ನು ತಿಕ್ಕಿ ತೊಳೆದು, ಅದರಲ್ಲೇ ಮೆಣಸಿನ ಸಾರು ಕಾಯಿಸಿ ಗೆದ್ದವಳಂತೆ ತಂದಿಟ್ಟಳು.

ಸೋತರೂ ಗತ್ತು ಬಿಡಬಾರದಲ್ಲ. ಭಾಮೈದನಿಗೆ ನಾನೇ ಬಡಿಸುತ್ತೇನೆಂದು ಕೈಗೆ ಸಿಕ್ಕ ಸೌಟು ಹಿಡಿದು ಹೋದೆ. ಮೊದಲ ಬಟ್ಟಲು ತುಂಬಿಸಿದೆ. ಸೌಟಿನ ತುದಿಯಿಂದ ಒಂದು ಹನಿ ಬಿತ್ತು.

"ಭಾವ, ಮೆಣಸೆಲ್ಲ ಅಂಚಿಗೆ ಓಡೋಯ್ತು," ಅಂದ.

"ಸೋಪಾಗೈತೆ," ಅಂದೆ ಖುಷಿಯಲ್ಲಿ.

ಹೆಂಡತಿ ಸೌಟು ನೋಡಿದಳು. ಶನಿವಾರ ಸೋಪು ಕಲಕಿದ್ದು ಅದರಲ್ಲೇ, ತೊಳೆದೂ ಇರಲಿಲ್ಲ.

"ಅದನ್ನ ಕೊಳಗಕ್ಕೆ ಅದ್ದಿದ್ರಾ?"

"ಅದ್ದದೆ ಬಡಿಸೋದು ಹೆಂಗೆ?"

ಅವಳು ಸಾರು, ಸೌಟು ಸಮೇತ ಕೊಳಗವನ್ನು ನನ್ನ ಕಡೆ ತಳ್ಳಿದಳು. "ತಗಳ್ರಿ. ಇನ್ನು ನಿಮ್ದೇ."

ಹೀಗೆ ಗೆದ್ದ ಕೊಳಗ ಇವತ್ತಿಗೂ ನನ್ನ ಬಳಿಯಿದೆ. ಒಂದೇ ಒಂದು ಸಣ್ಣ ವಿಷಯ ಮಾತ್ರ ನಾನು ಕಟ್ಟಿ ಹೇಳಿದ್ದು: ಭಾಮೈದ ಮೆಣಸು ಓಡಿದ್ದನ್ನು ನೋಡಿದ್ದು ಮೊದಲ ಬಟ್ಟಲಲ್ಲಲ್ಲ, ಮೂರನೆಯದರಲ್ಲಿ. ಅಲ್ಲಿಯವರೆಗೆ, "ಸಾರು ಬಾಳ ನಯವಾಗೈತೆ ಅಕ್ಕ," ಅಂತ ಹೊಗಳುತ್ತಲೇ ಇದ್ದ.