ಬಚ್ಚಲುಮನೆಯ ಪ್ರಯೋಗಶಾಲೆ

ಉತ್ಸಾಹ ಬಂದರೆ ನನ್ನನ್ನು ಹಿಡಿಯುವುದು ಕಷ್ಟ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಇದನ್ನು ಕಾಯಿಲೆಗಳ ಲೆಕ್ಕಕ್ಕೆ ಸೇರಿಸಿದ್ದಾರೆ. ತಿಪಟೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಕೆಮಿಕಲ್ ಎಂದ ಕೂಡಲೇ ಹೆದರುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನೀರೂ ಕೆಮಿಕಲ್ಲೇ, ಉಪ್ಪೂ ಕೆಮಿಕಲ್ಲೇ, ನೀವು ಈಗ ಕುಡಿದ ಎಳನೀರೂ ಕೆಮಿಕಲ್ಲೇ ಎಂದು ಮದುವೆಮನೆಯ ಪಂಕ್ತಿಯಲ್ಲೂ ಪಾಠ ಮಾಡಿ, ಪಕ್ಕದವರ ಪಾಯಸ ತಣ್ಣಗಾಗುವಂತೆ ಮಾಡಿದವನು ನಾನು. ಅಂಥವನು ಕಳೆದ ವರ್ಷ ಒಂದೇ ದಿನದಲ್ಲಿ ಪಕ್ಷಾಂತರ ಮಾಡಿದೆ.

ಕಾರಣ ನನ್ನ ಹೆಂಡತಿ ಶಾರದೆಯ ಕೆಮ್ಮು. ಬೆಳಿಗ್ಗೆ ಎದ್ದರೆ ಕೆಮ್ಮು, ಮನೆ ಒರೆಸಿದರೆ ಕೆಮ್ಮು, ಕೊನೆಗೆ ನಗಲು ಹೋದರೂ ಕೆಮ್ಮು. ಅವಳು ನಗುವುದನ್ನೇ ಕಡಿಮೆ ಮಾಡಿದಾಗ ನನಗೆ ನಿಜವಾಗಿ ಭಯವಾಯಿತು. ನನ್ನ ಹಾಸ್ಯಕ್ಕೆ ನಗುವವರು ಊರಿನಲ್ಲಿ ಅವಳೊಬ್ಬಳೇ. ಮೂರು ತಿಂಗಳು ಸಿರಪ್ಪು ಕುಡಿದದ್ದಾಯಿತು, ಎಕ್ಸ್‌ರೇ ತೆಗೆಸಿದ್ದಾಯಿತು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಚೆನ್ನಾಗಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮನೇಲಿ ಏನೇನು ಹಚ್ತೀರಿ ಮೇಷ್ಟ್ರೇ, ಏನೇನು ಹೊಡೀತೀರಿ?" ಎಂದು ಕೇಳಿದರು.

ನಾನು ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ಸೊಳ್ಳೆ ಬತ್ತಿ, ಜಿರಲೆಗೆ ಸ್ಪ್ರೇ, ನೆಲಕ್ಕೆ ಫಿನಾಯಿಲ್, ಬಚ್ಚಲಿಗೆ ಆ್ಯಸಿಡ್, ಬಿಳುಪಿಗೆ ಬ್ಲೀಚು, ನಡುಮನೆಗೆ ಮಲ್ಲಿಗೆ ವಾಸನೆಯ ಸ್ಪ್ರೇ, ಬೀರುವಿನಲ್ಲಿ ನುಸಿಗುಳಿಗೆ. ನಮ್ಮ ಮನೆಯಲ್ಲಿ ಶುಚಿ ಎಂದರೆ ಮೂಗಿಗೆ ಗೊತ್ತಾಗಬೇಕು. ಒಮ್ಮೆ ಶೆಟ್ಟಿಕೆರೆಯ ನಾಮಕರಣವೊಂದರಲ್ಲಿ ನಾವು ಒಳಗೆ ಕಾಲಿಡುತ್ತಲೇ ಅಜ್ಜಿಯೊಬ್ಬರು, ಯಾರದೋ ಹಳೇ ಪೆಟ್ಟಿಗೆ ತೆಗೆದ ಹಾಗಿದೆಯಲ್ಲ ಎಂದಿದ್ದರು. ಅದು ಶಾರದೆಯ ರೇಷ್ಮೆ ಸೀರೆ ಮತ್ತು ನನ್ನ ಪಂಚೆ. ಡಾಕ್ಟರಮ್ಮ ಬರೆದ ಹಾಳೆಯನ್ನು ಒಮ್ಮೆ ಓದಿ, ಇದಕ್ಕೆಲ್ಲ ಸೊಳ್ಳೆ ಸಾಯುತ್ತದೋ ಇಲ್ಲವೋ ಗೊತ್ತಿಲ್ಲ, ನಿಮ್ಮವರ ಗಂಟಲಂತೂ ಉಳಿಯುವುದಿಲ್ಲ ಎಂದರು. ಒಂದೊಂದಾಗಿ ಬಿಡಿ, ಕಿಟಕಿ ತೆಗೆದಿಡಿ, ಯಾವುದು ಬಿಟ್ಟಾಗ ಕೆಮ್ಮು ಇಳಿಯುತ್ತದೆ ಎಂದು ಗಮನಿಸಿ ಎಂದು ಹೇಳಿ ಕಳಿಸಿದರು.

'ಒಂದೊಂದಾಗಿ' ಎಂಬ ಮಾತು ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ನನ್ನ ತಲೆಯಿಂದ ಹೋಗಿತ್ತು. ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಭಾಷಣ ಮಾಡಿದೆ. ಹಿಂದೆ ಕೂತ ಶಾರದೆ ಹೂಂ ಅನ್ನುತ್ತಿದ್ದಳೋ ಕೆಮ್ಮುತ್ತಿದ್ದಳೋ, ಗಾಳಿಯಲ್ಲಿ ತಿಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಪಂಚೆ ಮೇಲಕ್ಕೆ ಕಟ್ಟಿ ಮನೆಯ ಮೂಲೆಮೂಲೆ ಶೋಧಿಸಿದೆ. ಸಿಂಕಿನ ಕೆಳಗೆ, ಮೆಟ್ಟಿಲ ಸಂದಿಯಲ್ಲಿ, ದೇವರ ಗೂಡಿನ ಹಿಂದೆಯೂ ಬಾಟಲಿಗಳು ಸಿಕ್ಕವು. ಎಲ್ಲವನ್ನೂ ಬಚ್ಚಲಲ್ಲಿ ಸಾಲಾಗಿ ನಿಲ್ಲಿಸಿದಾಗ ನನಗೆ ಯುದ್ಧ ಗೆದ್ದಷ್ಟು ಸಂತೋಷ. ನಿಧಾನ ಮಾಡಿ, ಎಲ್ಲ ಒಟ್ಟಿಗೆ ಯಾಕೆ ಎಂದು ಶಾರದೆ ಅಡಿಗೆಮನೆಯಿಂದಲೇ ಹೇಳಿದಳು. ಒಳ್ಳೆಯ ಕೆಲಸಕ್ಕೆ ನಿಧಾನ ಯಾಕೆ ಎಂದು ಮುಚ್ಚಳ ತಿರುಗಿಸಿ, ಮೊದಲು ಆ್ಯಸಿಡ್ಡನ್ನು ತೂಬಿಗೆ ಸುರಿದೆ. ಅದರ ಮೇಲೆಯೇ ಬ್ಲೀಚು ಸುರಿದೆ.

ಆ್ಯಸಿಡ್ಡಿಗೆ ಬ್ಲೀಚು ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಇದನ್ನು ಇಪ್ಪತ್ತಾರು ವರ್ಷ ಕಪ್ಪು ಹಲಗೆಯ ಮೇಲೆ ಬರೆದು, ಎರಡೆರಡು ಗೆರೆ ಎಳೆದು, ಮನೆಯಲ್ಲಿ ಎಂದೂ ಬೆರೆಸಕೂಡದು ಎಂದು ಮಕ್ಕಳ ಬಾಯಲ್ಲಿ ಹೇಳಿಸಿದವನು ನಾನೇ. ತೂಬಿನಿಂದ ಬುಸ್ ಎಂದು ಹಳದಿ ಮಿಶ್ರಿತ ಹಸಿರು ಹೊಗೆ ಎದ್ದಾಗ, ಸತ್ಯವಾಗಿ ಹೇಳುತ್ತೇನೆ, ಮೊದಲು ಹೊಳೆದದ್ದು ಅಪಾಯವಲ್ಲ. ಪುಸ್ತಕದಲ್ಲಿ ಹೇಳಿದ ಬಣ್ಣವೇ ಇದೆಯಲ್ಲ ಎಂಬುದು. ಮರುಕ್ಷಣ ಕಣ್ಣು ಉರಿದು, ಎದೆ ಬಿಗಿದು, ಉಸಿರು ಒಳಗೆ ಹೋಗದಾಯಿತು. ಬಾಗಿಲು ಯಾವ ಕಡೆ ಎಂದೂ ತಿಳಿಯದೆ ಗೋಡೆ ತಡವುತ್ತಿದ್ದೆ. ಅಷ್ಟರಲ್ಲಿ ಯಾರೋ ನನ್ನ ಬನಿಯನ್ನಿನ ಬೆನ್ನು ಹಿಡಿದು, ಮೊಂಡು ಕರುವನ್ನು ಎಳೆಯುವ ಹಾಗೆ ಹೊರಗೆಳೆದರು. ಮೂಗಿಗೆ ಸೆರಗು ಒತ್ತಿಕೊಂಡ ಶಾರದೆ. ನನ್ನನ್ನು ಹಿತ್ತಿಲಿಗೆ ದಬ್ಬಿ, ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಹಾರುಹೊಡೆದು, ತಾನೂ ಬಂದು ತೆಂಗಿನ ಮರದ ಬುಡದಲ್ಲಿ ಕುಸಿದಳು. ಇಬ್ಬರೂ ಕೆಮ್ಮಿದೆವು. ಮದುವೆಯಾದಾಗಿನಿಂದ ನಾವು ಅಷ್ಟು ಒಮ್ಮತದಿಂದ ಏನನ್ನೂ ಮಾಡಿರಲಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ ಅವಳು ನನ್ನ ಮುಖ ನೋಡಿ ಹೇಳಿದಳು: "ನಂಗೆ ಕೆಮ್ಮಿದ್ರೂ ಪರ್ವಾಗಿಲ್ಲ ಕಣ್ರೀ. ನೀವಿರಬೇಕು."

ಕಣ್ಣಲ್ಲಿ ನೀರು ಬಂತು, ಕ್ಲೋರಿನ್ನಿನದು ಎಂದೆ. ಡಾಕ್ಟರಮ್ಮ ನಮ್ಮಿಬ್ಬರನ್ನೂ ಸಂಜೆಯವರೆಗೆ ಆಸ್ಪತ್ರೆಯಲ್ಲೇ ಕೂರಿಸಿಕೊಂಡು, ಮೇಷ್ಟ್ರ ಕೈಗೆ ಇನ್ನು ಯಾವ ಬಾಟಲಿಯನ್ನೂ ಕೊಡಬೇಡಿ ಎಂದು ಶಾರದೆಗೆ ಅಪ್ಪಣೆ ಮಾಡಿದರು.

ಅಲ್ಲಿಂದ ಚಳವಳಿಯ ಮುಖಂಡತ್ವ ಅವಳದಾಯಿತು. ಒಂದೊಂದು ವಾರ ಒಂದೊಂದು ಬಿಟ್ಟಳು. ಕಿಟಕಿಗಳಿಗೆ ಸೊಳ್ಳೆ ಪರದೆ ಹಾಕಿಸಿದಳು. ನೆಲಕ್ಕೆ ಸೋಪು ಕದಡಿದ ಬಿಸಿನೀರು, ಪಾತ್ರೆಗೆ ತೆಂಗಿನ ನಾರು, ಸೀರೆಗಳಿಗೆ ನುಸಿಗುಳಿಗೆಯ ಬದಲು ಆಗಾಗ ಬಿಸಿಲು. ನಡುವೆ ನನಗೆ ಮತ್ತೆ ಉತ್ಸಾಹ ಉಕ್ಕಿ, ಸೊಳ್ಳೆಗೆಂದು ಬಾಣಲಿಯಲ್ಲಿ ತೆಂಗಿನ ಕಾಯಿಮಟ್ಟೆಗೆ ಬೇವಿನ ಸೊಪ್ಪು ಸೇರಿಸಿ ನಡುಮನೆಯಲ್ಲೇ ಹೊಗೆ ಹಾಕಿದೆ. "ಬತ್ತಿ ಹೊಗೆ ಬ್ಯಾಡ ಅಂದೋರು ಮಟ್ಟೆ ಹೊಗೆ ಕುಡಿ ಅಂದ್ರಾ? ಬುಡಿ ಅತ್ಲಾಗೆ," ಎಂದು ಅವಳು ಬಾಣಲಿಯನ್ನು ಹೊರಗಿಟ್ಟಳು. ಹಳೆಯದು ಎಂಬ ಕಾರಣಕ್ಕೆ ಹೊಗೆ ಒಳ್ಳೆಯದಾಗುವುದಿಲ್ಲ ಎಂಬುದು ವಿಜ್ಞಾನದ ಮೇಷ್ಟ್ರಿಗೆ ಹೀಗೆ ತಿಳಿಯಿತು.

ಎರಡು ತಿಂಗಳಲ್ಲಿ ಕೆಮ್ಮು ಮುಕ್ಕಾಲು ಪಾಲು ಇಳಿಯಿತು. ನಾನು ಸ್ಟಾಫ್ ರೂಮಿನಲ್ಲಿ ಸಿಹಿ ಹಂಚುವಷ್ಟು ಹಿಗ್ಗಿದೆ. ಉಳಿದ ಕಾಲು ಪಾಲು ಮಾತ್ರ ಹದಿನೈದು ದಿನಕ್ಕೊಮ್ಮೆ, ಅದೂ ಭಾನುವಾರವೇ ಬರುತ್ತಿತ್ತು. ಶಾರದೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಒಂದು ದಿನ ಅದನ್ನು ನನ್ನ ಮುಂದೆ ಹಿಡಿದಳು. ಅವು ನಾನು ತಲೆಗೆ ಬಣ್ಣ ಹಚ್ಚುವ ಭಾನುವಾರಗಳು.

ಒಂದು ವಾರ ವಾದಿಸಿದೆ. ಪುರಾವೆ ಸಾಲದು ಎಂದೆ, ಇನ್ನೂ ಕೆಲವು ಭಾನುವಾರ ನೋಡೋಣ ಎಂದೆ. ಅವಳು ಒಮ್ಮೆ ಕೆಮ್ಮಿದಳು. ಬಣ್ಣ ಬಿಟ್ಟೆ. ತಿಂಗಳು ಕಳೆಯುವುದರೊಳಗೆ ಶಾರದೆ ನನ್ನ ಹಾಸ್ಯಕ್ಕೆ ಮೊದಲಿನಂತೆ ನಗತೊಡಗಿದಳು. ಹಾಸ್ಯ ಇಲ್ಲದಾಗಲೂ ನನ್ನ ತಲೆ ನೋಡಿ ನಗುತ್ತಿದ್ದಳು.

ಮೊನ್ನೆ ಅಣ್ಣನ ತೋಟಕ್ಕೆಂದು ಹೊನ್ನವಳ್ಳಿ ಬಸ್ಸು ಹತ್ತಿದೆ. ಸೀಟಿರಲಿಲ್ಲ. ಕಾಡಿಗೆಯಷ್ಟು ಕಪ್ಪು ಕೂದಲಿನ ಒಬ್ಬಾತ ಗೌರವದಿಂದ ಎದ್ದು, "ಕುಂತ್ಕಳಿ ಯಜಮಾನ್ರೇ," ಎಂದ. ನೋಡಿದರೆ ನನ್ನ ಜೊತೆಯಲ್ಲೇ ಹತ್ತನೇ ಕ್ಲಾಸು ಓದಿದ ರುದ್ರೇಶ. ಎರಡು ಸಲ ಫೇಲಾಗಿ ನಮ್ಮ ಬೆಂಚಿಗೆ ಬಂದವನು. ನಾನು ಯಾರೆಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಸೀಟು ಹೋಗುತ್ತಿತ್ತು. ಹೊನ್ನವಳ್ಳಿಯವರೆಗೂ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಯಜಮಾನನಾಗಿಯೇ ಕುಳಿತು ಹೋದೆ.