ಅಕ್ಕನ ಮನೆಗೆ ಐದು ಮೈಲಿ

ಭಾವಮೈದುನ ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಹೆಚ್ಚಿಗೆ ಒತ್ತಿದ. ಆದದ್ದು ಅಷ್ಟೇ.

ಗಡಿಯಾರ ರಿಪೇರಿಯ ಯಜಮಾನರೊಡನೆ ಅವರ ಅಕ್ಕ ಮಾತು ಬಿಟ್ಟು ಏಳು ವರ್ಷವಾಗಿತ್ತು. ಎದುರಿನ ದ್ವೀಪದಲ್ಲಿ ಅವಳ ಮನೆ. ಈಗ ದೇವರು ಕಣ್ಣು ತೆರೆದು, ಭಾನುವಾರ ಹನ್ನೆರಡಕ್ಕೆ ಊಟಕ್ಕೆ ಬಾ, ತಪ್ಪಿದರೆ ಇನ್ನೆಂದೂ ಬರಬೇಡ ಎಂದು ಅವಳಿಂದ ಕಾಗದ ಬರೆಸಿದ್ದ. ಭಾನುವಾರ ನೋಡಿದರೆ ಮೊಸರು ಚೆಲ್ಲಿದ ಹಾಗೆ ಮಂಜು.

"ಮಂಜಿದ್ರೇನು ಭಾವ? ಸಮುದ್ರದ ನಕಾಶೆಯೆಲ್ಲ ಇದರೊಳಗಿದೆ. ನೀವು ಚುಕ್ಕಾಣಿ ಹಿಡ್ಕೊಳ್ಳಿ, ಸಾಕು," ಎಂದು ಭಾವಮೈದುನ ಯಜಮಾನರ ಹಾಯಿದೋಣಿಯಲ್ಲಿ ಬೀಗರ ಹಾಗೆ ಕುಳಿತ. ಪಕ್ಕದ ಮನೆಯ ದರ್ಜಿಯೂ ಬೇಡವೆಂದರೂ ಹತ್ತಿದ.

ಹಾಯಿ ಏರಿತು. ಪರದೆಯ ಮೇಲೆ ಪುಟ್ಟ ಕೆಂಪು ದೋಣಿ ಹೊರಟಿತು. ಗಾಳಿಯೇ ಇದ್ದಂತಿಲ್ಲವಲ್ಲ ಎಂದು ಯಜಮಾನರು ಅನುಮಾನಪಟ್ಟರೆ, ಕಂಪ್ಯೂಟರಿಗಿಂತ ನಿಮಗೆ ಹೆಚ್ಚು ಗೊತ್ತೇ ಎಂದು ದರ್ಜಿ ಗದರಿದ. ಭಾವಮೈದುನ ಪರದೆ ನೋಡಿ ಬಂಡೆ ಎಂದಾಗ ಯಜಮಾನರು ಚುಕ್ಕಾಣಿಯನ್ನು ಎಡಕ್ಕೆಳೆದರು, ಮರಳದಿಬ್ಬ ಎಂದಾಗ ಬಲಕ್ಕೆ. ಪ್ರತಿ ಗಂಡಾಂತರ ದಾಟಿದಾಗಲೂ ದೇವರಿಗೆ ಕೈಮುಗಿದರು. ಆಳ ಸಮುದ್ರ ಬಂತೆಂದು ಕೇಳಿ ದರ್ಜಿ ವಾಂತಿಯನ್ನೂ ಮಾಡಿಕೊಂಡ.

ಹನ್ನೆರಡೂವರೆಗೆ ಭಾವಮೈದುನ, ತಲುಪಿದೆವು ಎಂದ. ನಿಜಕ್ಕೂ ಮಂಜಿನ ನಡುವೆ ದೋಣಿಕಟ್ಟೆ ಕಂಡಿತು. ಅದರ ಮೇಲೆ ಅಕ್ಕ ನಿಂತಿದ್ದಳು. ಯಜಮಾನರು ಹಾರಿ ಇಳಿದು ಅವಳ ಕೈ ಹಿಡಿದು ಅತ್ತರು.

"ಅರ್ಧ ಗಂಟೆ ತಡವಾಯ್ತಕ್ಕ. ಅಂತೂ ದೇವರು ದೊಡ್ಡವನು, ಬಂದುಬಿಟ್ಟೆ."

"ನೀನೆಲ್ಲೋ ಬಂದೆ? ಬಂದದ್ದು ನಾನು," ಎಂದಳು ಅಕ್ಕ. "ಹನ್ನೆರಡು ಹೊಡೆದರೂ ನಿನ್ನ ಸುಳಿವಿಲ್ಲ. ಏನಾಯ್ತೋ ಅಂತ ಹೆದರಿ ಲಾಂಚ್ ಹತ್ತಿದೆ. ಹಗ್ಗ ನೋಡು."

ಹಗ್ಗ ಗೂಟದಲ್ಲೇ ಭದ್ರವಾಗಿತ್ತು. ಬಿಚ್ಚಿದವನು ದರ್ಜಿಯೆಂದು ಭಾವಮೈದುನ, ಭಾವಮೈದುನನೆಂದು ದರ್ಜಿ ತಿಳಿದಿದ್ದರು. ಪರದೆಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ 'ಅಭ್ಯಾಸಕ್ಕೆ ಮಾತ್ರ' ಎಂದಿತ್ತು; ಹೆಚ್ಚಿಗೆ ಒತ್ತಿದ ಗುಂಡಿ ಅದೇ.

ಅಷ್ಟರಲ್ಲಿ ಮಂಜು ಕರಗಿ, ತುಸು ಗಾಳಿ ಎದ್ದಿತು.

"ಅಡುಗೆ ಆರ್ತಾ ಇದೆ. ಆ ಪೆಟ್ಟಿಗೇನೂ ಅವರಿಬ್ಬರನ್ನೂ ಇಲ್ಲೇ ಇಳಿಸು. ದಾರಿ ನಾನು ಹೇಳ್ತೀನಿ," ಎಂದು ಅಕ್ಕ ಚುಕ್ಕಾಣಿಯ ಪಕ್ಕ ಕುಳಿತಳು.

ದಾರಿಯ ಜೊತೆಗೆ ಏಳು ವರ್ಷದ ಬೈಗುಳವನ್ನೂ ಹೇಳತೊಡಗಿದಳು. ಮೊದಲ ವರ್ಷದ್ದು ಮುಗಿಯುವ ಹೊತ್ತಿಗೆ ಗಾಳಿ ಬಿದ್ದುಹೋಗಿ ದೋಣಿ ನಡುನೀರಿನಲ್ಲಿ ನಿಂತಿತು. ಅಕ್ಕ ಮಾತಾಡುತ್ತಲೇ ಇದ್ದಳು. ಯಜಮಾನರು ಅದಕ್ಕೂ ದೇವರಿಗೆ ಕೈಮುಗಿದರು.